ಕಿವುಡಾದ ಗ್ರಾಹಕಗಳು ಮತ್ತು ನಾಲ್ಕು ಪೆಟ್ಟಿಗೆ

ನನ್ನ ಹೆಂಡತಿ ಬಸ್ ನಿಲ್ದಾಣದಲ್ಲಿ ಧ್ವನಿವರ್ಧಕದ ಮುಂದೆ ಕೂತು ಬಸ್ಸುಗಳ ವೇಳೆ ಸಾರುವವಳು. ಯಾವುದನ್ನೇ ಆಗಲಿ ಮೂರು ಸಲ ಹೇಳಬೇಕೆಂಬುದು ಅಲ್ಲಿನ ನಿಯಮ. ಆ ನಿಯಮ ನಿಲ್ದಾಣದ ಗೇಟಿನಾಚೆ ಅನ್ವಯಿಸುವುದಿಲ್ಲ ಎಂದು ಅವಳಿಗೆ ಯಾರೂ ಲಿಖಿತವಾಗಿ ತಿಳಿಸಿಲ್ಲ. ನನ್ನ ದೂರು ಇಷ್ಟೇ.

"ಪೆಟ್ಟಿಗೆ ಖಾಲಿ ಮಾಡಿ. ಪೆಟ್ಟಿಗೆ ಖಾಲಿ ಮಾಡಿ. ರೀ, ಪೆಟ್ಟಿಗೆ ಖಾಲಿ ಮಾಡಿ."

ಪೆಟ್ಟಿಗೆಗಳು ನಾಲ್ಕು, ತಗಡಿನವು, ನಮ್ಮ ಪುಟ್ಟ ಕೋಣೆಯಲ್ಲಿದ್ದವು. ಇಪ್ಪತ್ತಾರು ವರ್ಷಗಳಲ್ಲಿ ನಾನು ಪತ್ರಿಕೆಗೆ ಬರೆದದ್ದನ್ನೆಲ್ಲ ಕತ್ತರಿಸಿ ಅವುಗಳಲ್ಲಿ ಇಟ್ಟಿದ್ದೆ. (ಮೊದಲನೆಯದು: ಕೆರೆಯಲ್ಲಿ ಹೂಳು. ಕೊನೆಯದು: ಅದೇ ಕೆರೆ, ಅದೇ ಹೂಳು.) ಬೇರೆ ಪ್ರತಿ ಎಲ್ಲೂ ಇಲ್ಲ, ಕಚೇರಿಯಲ್ಲಿದ್ದದ್ದು ಗೆದ್ದಲಿಗೆ ಸಂದಿದೆ. ಇತ್ತ ಹೆಂಡತಿಗೆ ಬಡ್ತಿ ಪರೀಕ್ಷೆ ಹತ್ತಿರ ಬಂದಿತ್ತು, ಓದಲು ಆ ಕೋಣೆ ಬೇಕಿತ್ತು. ಊಟದ ಮೇಜಿನ ಮೇಲೆ ಓದಿ ಓದಿ ಅವಳ ನಿಯಮಾವಳಿಯ ಮೂರನೆಯ ಅಧ್ಯಾಯವೆಲ್ಲ ಎಣ್ಣೆ ಕುಡಿದು ಪಾರದರ್ಶಕವಾಗಿತ್ತು.

ಅಂಥ ಹೊತ್ತಿನಲ್ಲಿ ನನಗೆ ವಿಜ್ಞಾನ ಒದಗಿ ಬಂತು. ಪುರವಣಿಗೆ ಹಾರ್ಮೋನುಗಳ ಬಗ್ಗೆ ಬರೆಯಲು ತಜ್ಞ ವೈದ್ಯೆಯೊಬ್ಬರ ಮುಂದೆ ಕೂತಿದ್ದೆ. ಗ್ರಂಥಿಯಿಂದ ಹೊರಟ ಹಾರ್ಮೋನು ರಕ್ತದಲ್ಲಿ ಮೈಯೆಲ್ಲ ಸುತ್ತುತ್ತದೆ, ಆದರೆ ಅದಕ್ಕೆ ಹೊಂದುವ ಗ್ರಾಹಕ (ಅಂಗಡಿಯದಲ್ಲ, ಜೀವಕೋಶದ್ದು) ಇದ್ದ ಕಡೆ ಮಾತ್ರ ಕೆಲಸ ನಡೆಯುತ್ತದೆ ಎಂದರು. ಮುಂದಿನ ಮಾತನ್ನು ನಾನು ಎರಡು ಸಲ ಅಡಿಗೆರೆ ಎಳೆದು ಬರೆದುಕೊಂಡೆ.

"ಹಾರ್ಮೋನು ಸದಾ ಜಾಸ್ತಿ ಇದ್ರೆ ಜೀವಕೋಶ ತನ್ನ ಗ್ರಾಹಕಗಳನ್ನ ಕಡಿಮೆ ಮಾಡ್ಕೊಳ್ಳತ್ತೆ. ಆಮೇಲೆ ಎಷ್ಟು ಸುರಿದ್ರೂ ಅಷ್ಟಕ್ಕಷ್ಟೆ. ಇನ್ಸುಲಿನ್ ವಿಷಯದಲ್ಲಿ ನೋಡ್ತೀವಲ್ಲ."

"ಹಾಗಾದ್ರೆ ತಪ್ಪು ಜೀವಕೋಶದ್ದಲ್ಲ?"

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಇನ್ನೊಂದು ಅರ್ಧ ಇದೆ, ಕೂತ್ಕೊಳ್ಳಿ..." ಎನ್ನುವಷ್ಟರಲ್ಲಿ ನಾನು ಮೆಟ್ಟಿಲಿಳಿಯುತ್ತಿದ್ದೆ. ನನಗೆ ಬೇಕಾದ ಅರ್ಧ ಸಿಕ್ಕಿತ್ತು.

ಆ ಸಂಜೆ ಮಗಳನ್ನು ಸಾಕ್ಷಿಗೆ ಕೂರಿಸಿಕೊಂಡು ವಾದ ಮಂಡಿಸಿದೆ.

"ನಾನು ಸೋಮಾರಿ ಅಲ್ಲ ಕಣೇ. ನೀನು ಹೇಳಿ ಹೇಳಿ ನನ್ನ ಗ್ರಾಹಕ ಸವೆದು ಹೋಗಿದೆ."

"ನಿಲ್ದಾಣದಲ್ಲಿ ಐನೂರು ಜನ ಕೂತಿರ್ತಾರೆ ರೀ. ನಾನು ಕೂಗಿದ್ರೆ ಆ ಬಸ್ಸಿಗೆ ಹೋಗೋ ಇಪ್ಪತ್ತು ಜನ ಎದ್ದು ಓಡ್ತಾರೆ. ನಿಮ್ಮ ಗ್ರಾಹಕ ಅಂದ್ರೆ ಅದೇ ತಾನೆ? ಅವರದ್ದು ಯಾಕೆ ಸವೆಯಲ್ಲ?"

"ಅವರೇನು ಒಂದೇ ಬಸ್ಸಿನ ಹೆಸರು ಕೇಳ್ತಾ ಇಪ್ಪತ್ತು ವರ್ಷ ಕೂತಿರ್ತಾರಾ?"

"ಅಪ್ಪ ಹತ್ತೋದೇ ಇಲ್ಲಮ್ಮ, ನಿಲ್ದಾಣದಲ್ಲೇ ವಾಸ," ಎಂದಳು ಮಗಳು.

ಹೆಂಡತಿ ತಟ್ಟೆ ಎತ್ತಿಕೊಂಡು ಎದ್ದಳು. "ಆಯ್ತು. ಇನ್ಮೇಲೆ ಏನೂ ಹೇಳಲ್ಲ."

ಒಂದೇ ಸಲ ಹೇಳಿದಳು.

ಮೊದಲ ದಿನ ಸ್ವರ್ಗ. ಎರಡನೆಯ ದಿನ, ಸ್ವರ್ಗದಲ್ಲಿ ತುಸು ಹೆಚ್ಚೇ ನಿಶ್ಶಬ್ದ ಎನಿಸಿತು. ಮೂರನೆಯ ದಿನ ಅವಳು ಕೆಮ್ಮಿದಳು, ನಾನು ಎದ್ದು ಫ್ಯಾನ್ ಆರಿಸಿದೆ. ಪಾತ್ರೆ ಸದ್ದಾಯಿತು, ಹೋಗಿ ತೊಳೆದೆ. ಅವಳು ಫೋನಿನಲ್ಲಿ "ಬೇಗ ಬಾರೇ" ಎಂದಾಗ ಅರ್ಧ ಮುಖಕ್ಕೆ ಸೋಪು ಹಚ್ಚಿಕೊಂಡೇ ಬಚ್ಚಲಿನಿಂದ ಓಡಿ ಬಂದು ನಿಂತೆ.

"ಅಪ್ಪಾ, ಅದು ಚಿಕ್ಕಮ್ಮಂಗೆ ಹೇಳಿದ್ದು," ಎಂದಳು ಮಗಳು.

ನಾಲ್ಕನೆಯ ದಿನ ವೈದ್ಯೆಗೆ ಫೋನು ಮಾಡಿದೆ.

"ಅದೇ ರೀ ಇನ್ನೊಂದು ಅರ್ಧ. ಹಾರ್ಮೋನು ತೀರ ಕಡಿಮೆಯಾದ್ರೆ ಕೆಲವು ಜೀವಕೋಶ ಗ್ರಾಹಕಗಳನ್ನ ಹೆಚ್ಚಿಸ್ಕೊಳ್ಳತ್ತೆ. ಆಮೇಲೆ ಒಂದು ತೊಟ್ಟು ಬಿದ್ರೂ ಎಗರಿ ಬೀಳತ್ತೆ. ನೀವು ಎದ್ದು ಓಡಿಬಿಟ್ರಿ."

ಐದನೆಯ ದಿನ ಬೆಳಿಗ್ಗೆ ಅವಳು ಪುಟ್ಟ ಕೋಣೆಯ ಬಾಗಿಲಲ್ಲಿ ನಿಂತು ಪೆಟ್ಟಿಗೆಗಳನ್ನು ನೋಡಿದಳು. ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ. ನಿಟ್ಟುಸಿರು ಬಿಟ್ಟಳೆಂದು ನನಗನಿಸಿತು, ಖಚಿತವಿಲ್ಲ. ಮಾತಿಲ್ಲದೆ ಕೆಲಸಕ್ಕೆ ಹೋದಳು.

ಒಂಬತ್ತಕ್ಕೆ ಬೀದಿಯಲ್ಲಿ ಹಳೆ ಪೇಪರಿನವನ ಕೂಗು ಕೇಳಿತು. ಹತ್ತಕ್ಕೆ ಕೋಣೆ ಖಾಲಿ. ಇಪ್ಪತ್ತಾರು ವರ್ಷಗಳ ಕೆರೆ, ಹೂಳು, ನನ್ನ ಹೆಸರು, ಎಲ್ಲವೂ ಪೆಟ್ಟಿಗೆ ಸಮೇತ ತಳ್ಳುಗಾಡಿಯೇರಿ ತಿರುವು ದಾಟಿದವು. ಕಣ್ಣು ಒದ್ದೆಯಾದದ್ದು ನಿಜ. ನೆಲ ಒರೆಸಿದ್ದೂ ನಿಜ.

ಸಂಜೆ ಹೆಂಡತಿ ಬಂದಾಗ ಅವಳ ಕೈಯಲ್ಲೊಂದು ಉದ್ದನೆಯ ಹಲಗೆ. ಅದರ ಇನ್ನೊಂದು ತುದಿಯಲ್ಲಿ ಮಗಳು. ಇಬ್ಬರೂ ಖಾಲಿ ಕೋಣೆಯ ಬಾಗಿಲಲ್ಲೇ ನಿಂತರು.

"ಪೆಟ್ಟಿಗೆ ಎಲ್ರೀ?"

"ಕೊಟ್ಟುಬಿಟ್ಟೆ," ಎಂದೆ, ಎದೆಯುಬ್ಬಿಸಿ. "ಬೆಳಿಗ್ಗೆ ನೀನು ನೋಡಿದೆಯಲ್ಲ."

"ನೋಡಿದ್ದು ಎತ್ತರ ಸಾಕಾಗತ್ತಾ ಅಂತ! ಎರಡೆರಡು ಒಂದರ ಮೇಲೊಂದು ಇಟ್ಟು ಹಲಗೆ ಹಾಕಿದ್ರೆ ನಂಗೆ ಮೇಜೂ ಆಗತ್ತೆ, ನಿಮ್ಮ ಪೇಪರೂ ಉಳಿಯತ್ತೆ ಅಂತ ಬಡಗಿ ಹತ್ರ ಕೊಯ್ಸಿಕೊಂಡು ಬಂದೆ. ಪಾಪ, ಅದರ ಮೇಲೆ ಜೀವ ಇಟ್ಕೊಂಡಿದಾರೆ ಅಂತ..."

"ಒಂದು ಮಾತು ಹೇಳಬಾರದಿತ್ತೇನೇ?"

"ಹೇಳಬೇಡ ಅಂದೋರು ಯಾರು?"

ಮಗಳು ಹಲಗೆಯ ಹಿಂದೆ ಮುಖ ಮರೆಸಿಕೊಂಡಳು. ಹಲಗೆ ಮಾತ್ರ ಅಲುಗುತ್ತಿತ್ತು.

ಹೆಂಡತಿ ಹಲಗೆಯನ್ನು ನೋಡಿದಳು, ನೆಲವನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ತುಟಿ ಬಿಚ್ಚಲಿಲ್ಲ, ಪ್ರಮಾಣ ಮಾಡಿ ಹೇಳುತ್ತೇನೆ. ಅಷ್ಟರಲ್ಲಿ ನಾನು ಚಪ್ಪಲಿ ಮೆಟ್ಟಿಕೊಂಡು, ಆ ಹಲಗೆಗೆ ನಾಲ್ಕು ಕಾಲು ಹೊಡೆಸಲು ಬಡಗಿಯ ಅಂಗಡಿಯತ್ತ ಅರ್ಧ ಬೀದಿ ದಾಟಿದ್ದೆ. ಹಲಗೆಯನ್ನು ಮನೆಯಲ್ಲೇ ಬಿಟ್ಟು.