ಬ್ಯಾಡ ಅಂದ್ರೆ ಬ್ಯಾಡ್

ಕಾದ ಮರಳಿನಲ್ಲಿ ಅಕ್ಕಿ ಚಟಪಟ ಅರಳುತ್ತಿತ್ತು. ಕೊಟ್ರವ್ವ ಜರಡಿಯಲ್ಲಿ ಮಂಡಕ್ಕಿ ಬಾಚಿಕೊಳ್ಳುತ್ತ, "ಸಾಲದಿದ್ರೆ ಸಾಲ್ಟು, ಮಿಳ್ಳೆಯೊಳಗೆ ಮಿಲ್ಕು" ಎಂದು ಪಾಠ ಒಪ್ಪಿಸುತ್ತಿದ್ದಳು. ದಾವಣಗೆರೆಯ ಮಂಡಕ್ಕಿ ಭಟ್ಟಿಯ ಹೆಂಗಸರಿಗೆ ಸಂಜೆ ಶಾಲೆಯ ಉಮಾಮಹೇಶ್ವರಿ ಟೀಚರು ಇಂಗ್ಲಿಷ್ ಕಲಿಸುತ್ತಿದ್ದದ್ದೇ ಹಾಗೆ. ಒಂದೊಂದು ಇಂಗ್ಲಿಷ್ ಮಾತನ್ನೂ ಕನ್ನಡದ ಸೆರಗಿಗೆ ಗಂಟು ಹಾಕಿಬಿಡುವರು. "ನಾವು ಬ್ಯಾಡ ಅನ್ನೋದೆಲ್ಲ ಬ್ಯಾಡ್, ಅಂದ್ರೆ ಕೆಟ್ಟದ್ದು" ಎಂದ ದಿನ ಇಡೀ ಓಣಿ ತಲೆದೂಗಿತ್ತು. ಹೆಬ್ಬೆಟ್ಟೊತ್ತುತ್ತಿದ್ದವರ ಬಾಯಲ್ಲಿ ಇಂಗ್ಲಿಷ್ ಆಡಿಸಿದ ಪುಣ್ಯಾತ್ಗಿತ್ತಿ ಆಕೆ.

ತಾಪತ್ರಯವೆಲ್ಲ ಒಂದು ಕಾಗದದ್ದು. ಹರಿಹರದ ಕಾರ್ಖಾನೆಗೆ ಬಂದಿದ್ದ ಇಂಗ್ಲೆಂಡಿನ ಎಂಜಿನಿಯರನ ಹೆಂಡತಿ ಶಾಲೆಗೆ ಒಂದು ಪೆಟ್ಟಿಗೆ ಚಿತ್ರದ ಪುಸ್ತಕ ಕಳಿಸಿದ್ದಳು, ಇನ್ನೊಂದು ಕೊಡುವೆನೆಂದೂ ಹೇಳಿದ್ದಳು. ಉಪಕಾರ ನೆನೆದು ಬರೆಯುವ ಪಾಳಿ ಕೊಟ್ರವ್ವನದು. ಯುಗಾದಿಗೆ ಶುರುವಾದ ಕಾಗದ ದಸರೆ ಕಳೆದರೂ "ಮೇಡಮ್" ಎಂಬಲ್ಲೇ, ಕೆಸರಲ್ಲಿ ಹೂತ ಗಾಡಿಯಂತೆ ನಿಂತಿತ್ತು.

"ಬರೆಯೋಕಾಗದಿದ್ರೆ ಹೋಗಿ ಬಾಯಲ್ಲೇ ಹೇಳಿ ಬರ್ರಿ, ಕೊಟ್ರವ್ವ. ಗುಡ್, ಥ್ಯಾಂಕ್ಯೂ, ಎರಡೇ ಮಾತು. ನಾವು ಉಪಕಾರ ಮರೆತೋರು ಅಂದ್ಕೊಂಡ್ರೆ ಇನ್ನೊಂದು ಪೆಟ್ಟಿಗೆ ಬರಂಗಿಲ್ಲ" ಎಂದರು ಟೀಚರು.

ಪಕ್ಕದ ಭಟ್ಟಿಯ ರಶೀದಾ ತನ್ನದೂ ಒಂದು ಸೇರಿಸಿದಳು: "ಏನರ ಕೊಟ್ರೆ ತಟಕ್ನೆ ಕೈ ಚಾಚಬ್ಯಾಡ ಕೊಟ್ರಕ್ಕ. ಓಣಿ ಮರ್ಯಾದಿ ಐತೆ."

ಕೊಟ್ರವ್ವ ರೈಲು ಹತ್ತಿದಳು. ಹರಿಹರದ ಬಂಗಲೆಯಲ್ಲಿ ದೊರೆಸಾನಿ ತಾನೇ ಮಾಡಿದ ಕೇಕು ತಂದಿಟ್ಟಳು. ಬಾಯಲ್ಲಿ ನೀರೂರಿತು. ಆದರೆ ಮೊದಲ ಸಲಕ್ಕೇ ತೆಗೆದುಕೊಳ್ಳುವ ಮನುಷ್ಯರುಂಟೆ?

"ಬ್ಯಾಡ್ರಿ" ಎಂದಳು.

ಉಕ್ಕುವ ಹಾಲಿಗೆ ನೀರು ಚಿಮುಕಿಸಿದಂತೆ ದೊರೆಸಾನಿಯ ನಗು ಇಳಿಯಿತು. ಕೇಕು ಒಳಗೆ ಹೋಯಿತು, ಬಿಸ್ಕತ್ತು ಬಂತು. ಅದಕ್ಕೂ ಬ್ಯಾಡ್ರಿ. ಚಹಾ ಬಂತು. ಬ್ಯಾಡ್ರಿ. ಯಾವುದನ್ನೂ ಎರಡನೇ ಸಲ ಕೇಳದ ಇದೆಂಥ ಸಂಪ್ರದಾಯವೋ ಎಂದು ಕೊಟ್ರವ್ವ ಹಸಿದು ಕೂತಳು. ದೊರೆಸಾನಿ ಕಣ್ಣೊರೆಸಿಕೊಂಡಳು.

ಬಂಗಲೆಯ ತೋಟ ನೋಡಿಕೊಳ್ಳುವ ಭರಮಣ್ಣನಿಗೆ ಕೆಲಸದಲ್ಲೇ ಕಲಿತ ಇಂಗ್ಲಿಷ್ ಇತ್ತು. ನಗುತ್ತ ಬಂದು, "ಏನವ್ವ ನೀನು? ಬ್ಯಾಡ ಅಂದ್ರೆ ಈಯಮ್ಮಗೆ ಕೆಟ್ಟದ್ದು ಅಂತ ಕೇಳುಸ್ತೈತೆ" ಎಂದ. ಆಮೇಲೆ ದೊರೆಸಾನಿಗೆ ಇಂಗ್ಲಿಷಿನಲ್ಲಿ ಏನೋ ಉದ್ದಕ್ಕೆ ಹೇಳಿದ. ಆಕೆ ಚಪ್ಪಾಳೆ ತಟ್ಟಿ ನಕ್ಕಳು. ಕೇಕು ಮರಳಿ ಬಂತು. ಕೊಟ್ರವ್ವ ಬಾಯಿತುಂಬ ಗುಡ್ ಅಂದಳು, ಥ್ಯಾಂಕ್ಯೂ ಅಂದಳು. ದೊರೆಸಾನಿ ಎರಡನೇ ಪೆಟ್ಟಿಗೆಯನ್ನು ಜೀಪಿಗೆ ಹಾಕಿಸಿ, ಅವಳನ್ನೂ ಕೂಡಿಸಿಕೊಂಡು ದಾವಣಗೆರೆಗೇ ಬಂದಳು.

ಓಣಿಗೆ ಓಣಿಯೇ ನೆರೆಯಿತು. ಕೊಟ್ರವ್ವ ಬಿಸಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಟ್ಟೆಗಿಟ್ಟು ಹೆಮ್ಮೆಯಿಂದ ಮುಂದೆ ಚಾಚಿದಳು.

ದೊರೆಸಾನಿ ಎದೆಯ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವಂತೆ, "ಬ್ಯಾಡ್ರಿ" ಎಂದಳು.

ಸಂಜೆ ಶಾಲೆಯ ಪಾಠ ಯಾರಿಗೂ ಮರೆತಿರಲಿಲ್ಲ. "ನಿನ್ ಮಂಡಕ್ಕಿ ಕೆಟ್ಟದ್ದಂತೆ, ಕೊಟ್ರಕ್ಕ" ಎಂದು ರಶೀದಾ ಪಿಸುಗುಟ್ಟಿದ್ದು ಮೂಲೆ ಅಂಗಡಿಯವರೆಗೂ ಕೇಳಿಸಿತು. ಕೊಟ್ರವ್ವ ತಟ್ಟೆಯನ್ನು ಒಳಗೊಯ್ದಳು. ದೊರೆಸಾನಿ ಆ ತಟ್ಟೆಯನ್ನೇ ಆಸೆಯಿಂದ ನೋಡುತ್ತ ಸ್ವಲ್ಪ ಹೊತ್ತು ಕಾದು, ಜೀಪು ಹತ್ತಿದಳು.

ಸುದ್ದಿ ಕೇಳಿ ಓಡಿ ಬಂದ ಟೀಚರು ನಡೆದದ್ದನ್ನೆಲ್ಲ ಕೇಳಿ ಹಣೆ ಚಚ್ಚಿಕೊಂಡರು.

"ಅಯ್ಯೋ ಕೊಟ್ರವ್ವ, ಆಕೆ ಇಂಗ್ಲಿಷ್ ಆಡಲಿಲ್ರಿ. ಭರಮಣ್ಣನ ಹತ್ರ ನಮ್ಮ ಮರ್ಯಾದಿ ಕಲ್ತು ಬಂದು, ಕನ್ನಡ ಮಾತಾಡಿದ್ಲು. ನೀವು ಇನ್ನೊಂದ್ಸಲ ತಗೊಳ್ರಿ ಅನ್ನಬೇಕಿತ್ತು."

ಅಷ್ಟರಲ್ಲಿ ಓಣಿ ಕೊಟ್ರವ್ವನ ಭಟ್ಟಿಗೆ ಬ್ಯಾಡ್ ಭಟ್ಟಿ ಎಂದು ಹೆಸರಿಟ್ಟಾಗಿತ್ತು. ಆ ಹೆಸರು ಇವತ್ತಿಗೂ ಹೋಗಿಲ್ಲ.

ಕೊಟ್ರವ್ವ ಒಲೆ ಆರಿಸಿ, ಹಳೇ ಕಾಗದ ಹುಡುಕಿ ತೆಗೆದಳು. "ಮೇಡಮ್" ಎಂಬುದರ ಮುಂದೆ ಬರೆದಳು: "ಕೇಕ್ ಗುಡ್. ಬುಕ್ ಗುಡ್. ಥ್ಯಾಂಕ್ಯೂ. ಕಮ್." ಮುಂದಿನದಕ್ಕೆ ಇಂಗ್ಲಿಷ್ ಸಾಲಲಿಲ್ಲ, ಹೇಗೂ ಆಕೆಗೆ ಕನ್ನಡ ಬರುತ್ತದಲ್ಲ ಎಂದುಕೊಂಡು ಸೇರಿಸಿದಳು: "ನೀವು ಬ್ಯಾಡ ಅಂದ್ರೂ ನಾ ಬಿಡಂಗಿಲ್ಲ."

ಹೋಗಿ ಟಪಾಲು ಡಬ್ಬಿಗೆ ಹಾಕಿ, ಒಳಗೆ ಬಿತ್ತೋ ಇಲ್ಲವೋ ಎಂದು ಡಬ್ಬಿಯನ್ನೊಮ್ಮೆ ತಟ್ಟಿ ಬಂದಳು.