ಐವತ್ತು ರೂಪಾಯಿಗೊಂದು ಪೆನಾಲ್ಟಿ

ಎಲ್ಲ ಎಡವಟ್ಟೂ ಶುರುವಾದದ್ದು ಒಂದು ಕುರ್ಚಿಯಿಂದ. ಅದು ಅಂತಿಂಥ ಕುರ್ಚಿಯಲ್ಲ. ಮದುವೆ ಹಾಲಿನಿಂದ ಬಾಡಿಗೆಗೆ ತಂದ, ಕೈಗಳಿಗೆ ಸಿಂಹದ ಮುಖವಿದ್ದ, ಕೆಂಪು ಮಖಮಲ್ಲಿನ ಕುರ್ಚಿ. ಮುಂಬಯಿಯ ಜೋಗೇಶ್ವರಿಯ ಏಕತಾ ಫುಟ್ಬಾಲ್ ಕ್ಲಬ್ಬಿನ ಅಭಿಮಾನಿ ಮಂಡಳಿಯ ಕಾರ್ಯದರ್ಶಿ ಸೀತಾರಾಮ ಅದನ್ನು ಟೆಂಪೋದಲ್ಲಿ ಹಗ್ಗ ಬಿಗಿದು ತರಿಸಿ, ಭಾನುವಾರ ಬೆಳಿಗ್ಗೆ ಏಳು ಗಂಟೆಗೇ ಮೈದಾನದ ಅಂಚಿನಲ್ಲಿ ಇಡಿಸಿ, ಕರವಸ್ತ್ರದಿಂದ ಒರೆಸಿ ಕಾದಿದ್ದ.

ಕುರ್ಚಿ ಅಣವೀರಪ್ಪನವರಿಗೆ. ಕಲಬುರಗಿ ಕಡೆಯಿಂದ ಬಂದು, ವಾರವಿಡೀ ಬೋಲ್ಟು-ನಟ್ಟಿನ ಕಾರ್ಖಾನೆಯಲ್ಲಿ ದುಡಿದು, ಭಾನುವಾರ ಮಾತ್ರ ಏಕತಾ ಕ್ಲಬ್ಬಿನ ಗೋಲು ಕಾಯುತ್ತ ಇಪ್ಪತ್ತೆರಡು ವರ್ಷ ಕಳೆದವರು ಅವರು. ಈಗ ಎಪ್ಪತ್ತೆರಡು ವಯಸ್ಸು. ಮೈದಾನದ ಬಿದಿರಿನ ಗೋಲುಕಂಬ ಕಿತ್ತು, ಕಬ್ಬಿಣದ ಕಂಬ ನೆಟ್ಟು, ಬಲೆ ಕಟ್ಟಿ, ಅದಕ್ಕೆ ಅಣವೀರಪ್ಪನವರ ಹೆಸರಿಡಬೇಕು ಎಂದು ಮಂಡಳಿ ತೀರ್ಮಾನಿಸಿತ್ತು. ಹಣ ಕೂಡಿಸಲು ಸೀತಾರಾಮನೇ ಒಂದು ಉಪಾಯ ಹೂಡಿದ್ದ. ಐವತ್ತು ರೂಪಾಯಿ ಕೊಟ್ಟವರು ಒಂದು ಪೆನಾಲ್ಟಿ ಹೊಡೆಯಬಹುದು. ಗೋಲಿನಲ್ಲಿ ನಿಲ್ಲುವವನು ಈಗಿನ ಗೋಲ್‌ಕೀಪರ್ ರಾಹುಲ್. ಅಣವೀರಪ್ಪನವರು ಶಾಲು ಹೊದ್ದು ಕುರ್ಚಿಯಲ್ಲಿ ಕೂತು ನೋಡುವುದು.

ಏಳೂವರೆಗೆ ಅಣವೀರಪ್ಪನವರು ಬಂದರು. ಪಂಚೆ ಜುಬ್ಬಾದಲ್ಲಿ ಅಲ್ಲ. ಒಗೆದು ಒಗೆದು ಬಣ್ಣಗೆಟ್ಟ ಹಸಿರು ಜೆರ್ಸಿ, ಮಂಡಿಗೆ ಎಲಾಸ್ಟಿಕ್ ಪಟ್ಟಿ, ಕೈಯಲ್ಲಿ ಗ್ಲೋವ್ಸ್.

"ಇದು ಯಾರಿಗೆ?" ಎಂದು ಕುರ್ಚಿಯತ್ತ ಗಲ್ಲ ಎತ್ತಿ ಕೇಳಿದರು.

"ನಿಮಗೇ ಅಣವೀರಣ್ಣ. ಮೊದಲು ಶಾಲು, ಹಾರ. ಆಮೇಲೆ ಪೆನಾಲ್ಟಿ ಕಾರ್ಯಕ್ರಮ."

"ಗೋಲಿನ್ಯಾಗ ಯಾರು?"

"ರಾಹುಲ್."

"ನನ್ನ ಸತ್ಕಾರ, ನನ್ನ ಗೋಲು, ನಿಲ್ಲಾವ ರಾಹುಲ್? ನಾ ಏನ್ ಫೋಟೋ ಏನು, ಹಾರ ಹಾಕಿ ಕುಂದ್ರಸಾಕ?" ಎಂದವರೇ ಗ್ಲೋವ್ಸ್ ತೊಟ್ಟು ಸೀದಾ ಹೋಗಿ ಎರಡು ಬಿದಿರುಗಳ ನಡುವೆ ನಿಂತುಬಿಟ್ಟರು. ಅವರ ಬಲಕ್ಕೆ ಕೊಳಚೆಯ ನಾಲಾ, ಎಡಕ್ಕೆ ಕಾರ್ಖಾನೆಯ ಗೋಡೆ. ಕೆಲಸ ತಪ್ಪಿದ ರಾಹುಲ್ ಮೆಲ್ಲಗೆ ಬಂದು ಖಾಲಿ ಕುರ್ಚಿಯಲ್ಲಿ ಕೂತು ಸೆಲ್ಫಿ ತೆಗೆದುಕೊಂಡ.

"ಕುರ್ಚಿ ಮಸ್ತ್ ಇದೆ ಅಂಕಲ್, ಸಚ್ ಮೇ," ಎಂದ ಸೀತಾರಾಮನಿಗೆ.

ಅಷ್ಟರಲ್ಲಿ ಅಣವೀರಪ್ಪನವರ ಮಗಳು ಶಿವಕುಮಾರಿ ಸೀತಾರಾಮನನ್ನು ನೀರಿನ ಟ್ಯಾಂಕಿನ ಮರೆಗೆ ಕರೆದಳು. ಅವಳ ಮುಖ ಬಾಡಿತ್ತು.

"ಕಾಕಾ, ಅಪ್ಪನ ಎಡಗಣ್ಣಿಗೆ ಪೊರಿ ಬಂದದ. ಮುಂದಿನ ತಿಂಗಳು ಆಪರೇಶನ್. ಆ ಕಡಿಯಿಂದ ಬಂದ ಚೆಂಡು ಅವರಿಗೆ ಕಾಣಂಗಿಲ್ಲ. ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕಿಸ್ಕೊಂಡಾರ. ಇಷ್ಟು ಮಂದಿ ಮುಂದ ಗೋಲಿನ ಮ್ಯಾಲೆ ಗೋಲು ಬಿದ್ದು ನಗಿಚಾಟ್ಲಿ ಆತಂದ್ರ, ಅವರು ಮತ್ತ ಮನಿ ಬಿಟ್ಟು ಹೊರಗ ಬರಂಗಿಲ್ಲ. ನೀವೇ ಏನರೆ ಮಾಡ್ರಿ ಕಾಕಾ."

ಸೀತಾರಾಮ ಗೋಲಿನತ್ತ ತಿರುಗಿ ನೋಡಿದ. ಮೂವತ್ತೊಂದು ವರ್ಷದ ಹಿಂದೆ ಮೈಸೂರಿನಿಂದ ವಿಮಾ ಕಚೇರಿಯ ಗುಮಾಸ್ತನಾಗಿ ಬಂದಾಗ ಈ ಊರಲ್ಲಿ ಅವನಿಗೆ ಯಾರೂ ಇರಲಿಲ್ಲ. ಒಂದು ಭಾನುವಾರ ದಿಕ್ಕೆಟ್ಟು ಅಲೆಯುತ್ತಿದ್ದಾಗ ಈ ಮೈದಾನದಿಂದ "ಏ, ಮುಂದ ಹೋಗ್ರಲೇ!" ಎಂಬ ಕೂಗು ಕೇಳಿಸಿತು. ಕೂಗಿದವರು ಅಣವೀರಪ್ಪ. ಆ ಕೂಗಿನ ಮುಕ್ಕಾಲು ಪಾಲು ಬೈಗುಳವೇ ಆಗಿತ್ತು, ಆದರೂ ಕನ್ನಡದ ಬೈಗುಳ. ಅಂದು ಅಲ್ಲೇ ನಿಂತವನು ಇನ್ನೂ ಹೋಗಿಲ್ಲ. ಫುಟ್ಬಾಲಿನ ನಿಯಮ ಅವನಿಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ಆದರೆ ಈ ಮನುಷ್ಯನನ್ನು ನೋಡಿ ಯಾರಾದರೂ ನಕ್ಕರೆ ಅವನಿಂದ ಸಹಿಸಲಾಗದು.

"ನೀನು ಯೋಚನೆ ಮಾಡ್ಬೇಡಮ್ಮ, ನಾನಿದ್ದೀನಿ," ಎಂದ. ಅವನು ಹಾಗೆಂದಾಗಲೆಲ್ಲ ಏನಾದರೊಂದು ಕೆಟ್ಟಿದೆ ಎಂಬುದು ಅವನ ಹೆಂಡತಿ ಪಂಕಜಾಗೆ ಗೊತ್ತು, ಶಿವಕುಮಾರಿಗೆ ಗೊತ್ತಿರಲಿಲ್ಲ.

ಅವನು ರಸೀದಿ ಪುಸ್ತಕ ಹಿಡಿದು, ಪೆನಾಲ್ಟಿ ಹೊಡೆಯಲು ನಿಂತವರ ಸಾಲಿನುದ್ದಕ್ಕೂ ನಡೆದ. ಒಬ್ಬೊಬ್ಬರ ಕಿವಿಯಲ್ಲೂ ಒಂದೇ ಮಂತ್ರ. "ನಾಲಾ ಕಡೆಗೆ ಹೊಡೀರಿ. ಮೆಲ್ಲಗೆ, ಹೊಟ್ಟೆ ಎತ್ತರಕ್ಕೆ. ಕಾರ್ಖಾನೆ ಗೋಡೆ ಕಡೆಗೆ ಬೇಡವೇ ಬೇಡ, ಆ ಕಣ್ಣು ಅವರಿಗೆ ಕಾಣಿಸಲ್ಲ."

"ಅಗ್ಗಬಾಯಿ!" ಎಂದು ವಡಾಪಾವ್ ಗಾಡಿಯ ಇಂದ್ರಾಬಾಯಿ ಎದೆಗೆ ಕೈ ಬಡಿದುಕೊಂಡಳು. "ಕಣ್ಣು ಕಾಣಂಗಿಲ್ಲ?"

"ಮೆಲ್ಲಗೆ ಬಾಯಿ, ಮೆಲ್ಲಗೆ!"

ಗುಟ್ಟು ಅವನಿಗಿಂತ ಮುಂದೆ ಓಡಿತು. ಸಾಲಿನ ನಡುವೆ ಬರುವ ಹೊತ್ತಿಗೆ ಒಂದು ಕಣ್ಣು ಎರಡು ಕಣ್ಣಾಗಿತ್ತು. ಸಾಲಿನ ತುದಿಯಿಂದ ಮಂಡಳಿಯ ಅಧ್ಯಕ್ಷ, ನಿವೃತ್ತ ಬಸ್ ಡ್ರೈವರ್ ಭೀಮರಾಯ ಸಿಟ್ಟಿನಿಂದ ಬುಸುಗುಟ್ಟುತ್ತ ಬಂದ. "ಅಣವೀರಪ್ಪಗ ಹಾರ್ಟಿನ ಆಪರೇಶನ್ ಆಗೇತಂತಲ್ಲೋ! ಅಧ್ಯಕ್ಷ ನಾನೋ ನೀನೋ? ನನಗೇ ಹೇಳಂಗಿಲ್ಲೇನು?"

ಅವನನ್ನು ಸಮಾಧಾನ ಮಾಡುತ್ತಿರುವಾಗಲೇ ಗೇಟಿನಲ್ಲಿ ಢೋಲಿನ ಸದ್ದು. ಹಳೆಯ ಎದುರಾಳಿ ಗೋರೆಗಾಂವ್ ತಂಡದ ಅಭಿಮಾನಿಗಳು, ಒಂಬತ್ತು ಜನ, ಎಲ್ಲರ ಕೊರಳಲ್ಲೂ ಹಳದಿ ಮಫ್ಲರ್. ಅವರ ಮುಖಂಡ ಈಶ್ವರ ಒಂದು ಕಾಲದಲ್ಲಿ ಆಟಗಾರ. ಅವನು ಹೊಡೆದ ಮೂರು ಪೆನಾಲ್ಟಿಗಳನ್ನು ಅಣವೀರಪ್ಪನವರು ಒಂದೇ ಮಳೆಗಾಲದಲ್ಲಿ ಹಿಡಿದಿದ್ದರು. ಇಂದು ಐವತ್ತರ ನೋಟು ಹಿಡಿದು, ಸ್ಪೈಕ್ ಬೂಟು ಹಾಕಿಕೊಂಡು ಬಂದಿದ್ದ.

ಸೀತಾರಾಮ ಕೈ ಜೋಡಿಸಿದ. ಈಶ್ವರ ಎಲ್ಲ ಕೇಳಿ, ಮೀಸೆ ತೀಡಿ, "ಆಯ್ತು, ಮೆಲ್ಲಗೇ ಹೊಡೀತೀವಿ," ಎಂದ. "ಆದ್ರೆ ನೀವು ಇವತ್ತು ನಮ್ಮ ಮಫ್ಲರ್ ಹಾಕ್ಕೋಬೇಕು. ಯಾಕೆ ಅಂತ ಯಾರಿಗೂ ಹೇಳಂಗಿಲ್ಲ. ಹೇಳಿದ್ರೆ ಡೀಲ್ ಕ್ಯಾನ್ಸಲ್."

ಮೇ ತಿಂಗಳ ಮುಂಬಯಿ. ಮೊಣಕಾಲಿನವರೆಗೆ ಇಳಿಬೀಳುವ ಉಣ್ಣೆಯ ಮಫ್ಲರ್. ಸೀತಾರಾಮ ಕೊರಳೊಡ್ಡಿದ.

ಪೆನಾಲ್ಟಿ ಶುರುವಾಯಿತು. ಮೊದಲು ಇಂದ್ರಾಬಾಯಿ. ಚೆಂಡನ್ನು ಕಣ್ಣಿಗೊತ್ತಿಕೊಂಡು, ಅಳುತ್ತಲೇ ಒದ್ದಳು. ಅಣವೀರಪ್ಪನವರು ಹಿಡಿದರು. ಭೀಮರಾಯ ಒದ್ದ, ಹಿಡಿದರು. ಕುರ್ಚಿಯಿಂದ ಎದ್ದು ಬಂದ ರಾಹುಲ್ ಒದ್ದ ಚೆಂಡು ಗೋಲಿನವರೆಗೂ ಹೋಗಲಿಲ್ಲ. ಅವರೇ ನಾಲ್ಕು ಹೆಜ್ಜೆ ಮುಂದೆ ಬಂದು ಎತ್ತಿಕೊಳ್ಳಬೇಕಾಯಿತು. ಗೋರೆಗಾಂವ್‌ನ ಒಂಬತ್ತು ಜನ ಮಾತಿಗೆ ತಪ್ಪಲಿಲ್ಲ. ಈಶ್ವರನಂತೂ ಮಗುವಿಗೆ ತುತ್ತು ಕೊಡುವ ಹಾಗೆ ಚೆಂಡನ್ನು ಅವರ ಹೊಟ್ಟೆಗೆ ತಲುಪಿಸಿದ. ಪ್ರತಿ ಸಲವೂ ಚಪ್ಪಾಳೆ, ಸಿಳ್ಳೆ. ಸೀತಾರಾಮನ ಕಣ್ಣು ಒದ್ದೆಯಾಗಿತ್ತು. ಅದರಲ್ಲಿ ಅರ್ಧ ಸಂತೋಷ, ಅರ್ಧ ಮಫ್ಲರಿನ ಬೆವರು. ಅಣವೀರಪ್ಪನವರು ಮಾತ್ರ ಒಮ್ಮೆಯೂ ನಗಲಿಲ್ಲ. ದಣಿದಿರಬೇಕು ಎಂದುಕೊಂಡ.

ಮೂವತ್ತೊಂಬತ್ತು ಮುಗಿದವು. ಸೀತಾರಾಮ ನಿಟ್ಟುಸಿರು ಬಿಟ್ಟು ಶಾಲು ಕೈಗೆತ್ತಿಕೊಳ್ಳುವಷ್ಟರಲ್ಲಿ ಗೋಲಿನಿಂದ ಕೂಗು ಬಂತು.

"ಏ ಸಕ್ರೆಟ್ರಿ! ನೀ ಹೊಡೀಲಿಲ್ಲ."

"ನಾನಾ? ಅಯ್ಯೋ, ನಂಗೆ ಬರಲ್ಲ ಅಣವೀರಣ್ಣ."

"ಐವತ್ತು ರೂಪಾಯಿ ಇಲ್ಲೇನು ಕಿಸೇದಾಗ?"

ಜನ ನಕ್ಕರು. ಪಂಕಜಾ ದೂರದಿಂದಲೇ "ಬೇಡ" ಎಂದು ಕೈಯಾಡಿಸಿದಳು. ಆದರೆ ಭೀಮರಾಯ ಆಗಲೇ ಅವನನ್ನು ಮುಂದಕ್ಕೆ ದೂಡಿದ್ದ. ಸೀತಾರಾಮ ಜನ್ಮದಲ್ಲಿ ಚೆಂಡು ಒದ್ದವನಲ್ಲ. ಕಾಲಲ್ಲಿ ಆಫೀಸಿನ ನುಣುಪು ಅಡಿಯ ಬೂಟು. ನಾಲಾ ಕಡೆ, ಮೆಲ್ಲಗೆ, ಹೊಟ್ಟೆ ಎತ್ತರಕ್ಕೆ ಎಂದು ತನ್ನ ಮಂತ್ರವನ್ನೇ ಜಪಿಸುತ್ತ ಓಡಿದ. ಚೆಂಡಿನ ಹತ್ತಿರ ಬಂದಾಗ ಮಫ್ಲರಿನ ತುದಿ ಕಾಲಿಗೆ ಸಿಕ್ಕಿತು, ಬೂಟು ಜಾರಿತು, ಚೆಂಡು ಹಿಮ್ಮಡಿಗೆ ತಗುಲಿ ಎತ್ತಲೋ ತಿರುಗಿತು. ಕುಂಡೆಯೂರಿ ಕೂತ ಸೀತಾರಾಮ ಕಣ್ಣಾರೆ ನೋಡಿದ. ಸಂಜೆಯ ವಾಕಿಂಗಿಗೆ ಹೊರಟ ಪೆನ್ಶನ್‌ದಾರನ ಹಾಗೆ ಚೆಂಡು ನಿಧಾನವಾಗಿ ಕಾರ್ಖಾನೆ ಗೋಡೆಯ ಕಡೆಗೆ ಹೊರಟಿತ್ತು. ಅಣವೀರಪ್ಪನವರು ನಾಲಾ ಕಡೆಗೆ ಮಂಡಿಯೂರಿದರು. ಚೆಂಡು ಬಿದಿರಿಗೆ ಮೆಲ್ಲಗೆ ತಾಗಿ ಒಳಗೆ ಹೋಯಿತು.

ಮರುಕ್ಷಣ ಸೀತಾರಾಮನನ್ನು ಎಬ್ಬಿಸಿ, ಸಿಂಹದ ಕುರ್ಚಿಯ ಪಕ್ಕಕ್ಕೆ ಎಳೆದೊಯ್ದು ಗುಂಪು ಸುತ್ತುವರಿಯಿತು.

"ಕಾಣದ ಕಡೀಗೇ ಹೊಡದ್ಯಲ್ಲೋ!" ಭೀಮರಾಯನ ಕಣ್ಣು ಕೆಂಪಾಗಿತ್ತು. "ನಮಗೆಲ್ಲ ಮೆಲ್ಲಗ ಅಂತ ಕಿವಿ ಊದಿ, ಗೋಲು ನಿನಗಂತ ಇಟ್ಕೊಂಡಿದ್ದಿ? ಕೊಳ್ಳಾಗ ಹಳದಿ ಬ್ಯಾರೆ! ಎಷ್ಟಕ್ಕ ಮಾರ್ಕೊಂಡಿ?"

"ಕಾಲು ಜಾರಿತು ಕಣ್ರೀ..."

"ಅಂಕಲ್, ದಿಸ್ ಈಸ್ ನಾಟ್ ಡನ್," ಎಂದ ರಾಹುಲ್. ಇಂದ್ರಾಬಾಯಿ ಇನ್ನು ಮುಂದೆ ತನ್ನ ಗಾಡಿಯ ಹತ್ತಿರ ಕಾಲಿಡಬಾರದು ಎಂದಳು. ಈಶ್ವರ ಮಫ್ಲರನ್ನು ಕೊರಳಿನಿಂದ ಎಳೆದುಕೊಂಡು, "ಇಂಥೋನು ನಮಗೂ ಬೇಡ," ಎಂದು ಹೋದ. ಶಿವಕುಮಾರಿ ಅವನಿಗೆ ಬೆನ್ನು ಹಾಕಿ ಅಪ್ಪನ ಕಡೆ ನಡೆದಳು. ಅದೇ ಎಲ್ಲಕ್ಕಿಂತ ಹೆಚ್ಚು ನೋಯಿತು.

ಮನೆಗೆ ಹೋಗುವ ದಾರಿಯಲ್ಲಿ ಪಂಕಜಾ, "ಮದುವೆಯಾದಾಗಿಂದ ಗೋಡೆಗೆ ಒಂದು ಮೊಳೆ ನೆಟ್ಟಗೆ ಹೊಡೆದವರಲ್ಲ. ಇವತ್ತೇ ಗುರಿ ಸಿಗಬೇಕಿತ್ತಾ ನಿಮಗೆ?" ಎಂದಳು. ಮೂರು ಗಂಟೆಗೆ ಮಂಡಳಿಯ ವಾಟ್ಸಾಪ್ ಗುಂಪಿನಿಂದ ಅವನನ್ನು ತೆಗೆದುಹಾಕಿದರು. ಆ ಗುಂಪಿಗೆ ಹೆಸರಿಟ್ಟವನೇ ಅವನು.

ಸಂಜೆ ಐದಕ್ಕೆ ಅಣವೀರಪ್ಪನವರ ಚಾಳಿನ ಮನೆಗೆ ಹೋದ. ಬಾಗಿಲು ತೆರೆದ ಶಿವಕುಮಾರಿ "ಬರ್ರಿ" ಎನ್ನದೆ ಒಳಗೆ ನಡೆದಳು. ಅಣವೀರಪ್ಪನವರು ಮಂಚದ ಮೇಲೆ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಸೀತಾರಾಮ ಅವರ ಕಾಲ ಬಳಿ ಕೂತುಬಿಟ್ಟ.

"ಅಣವೀರಣ್ಣ, ನಾನು ಬೇಕಂತ ಹೊಡೀಲಿಲ್ಲ. ದೇವರಾಣೆ..." ಐವತ್ತೇಳು ವರ್ಷದ ಮನುಷ್ಯ ಮಗುವಿನ ಹಾಗೆ ಅತ್ತ.

ಅಣವೀರಪ್ಪನವರು ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. "ಸುಮ್ಮನಿರು. ನೀ ಹೊಡದದ್ದು ಗೋಲೇನು ಅದು? ನೀ ಜಾರಿ ಬಿದ್ದಿ, ಅಷ್ಟ. ಚೆಂಡು ಒಳಗ ಬಿಟ್ಟಾವ ನಾ."

ಸೀತಾರಾಮ ತಲೆಯೆತ್ತಿದ.

"ಎಡಗಣ್ಣಿಗೆ ಮಂಜು ಅದ, ಖರೆ. ಆದ್ರ ನಿನ್ನ ಚೆಂಡು ಬಂದ ಸ್ಪೀಡಿಗೆ ಕಣ್ಣು ಮುಚ್ಚಿದ್ರೂ ಹಿಡೀತಿದ್ದೆ. ಎರಡನೇ ಚೆಂಡಿಗೇ ತಿಳೀತು ನನಗ, ಏನೋ ನಡದದ ಅಂತ. ಈಶ್ವರ ಅಂಥಾವ ತಂದು ಹೊಟ್ಟಿಗೆ ಇಟ್ಟು ಹೋಗ್ತಾನಂದ್ರ? ಗ್ಲೋವ್ಸ್ ಒಗದು ಮನಿಗೆ ಬರಬೇಕಂದೆ. ಆದ್ರ ಮಂದಿ ಬಿಸಲಾಗ ಸಾಲು ನಿಂತಿದ್ರು, ಇಂದ್ರಾಬಾಯಿ ಅಳಾಕತ್ತಿದ್ಲು. ಮನಸ್ಸು ಬರ್ಲಿಲ್ಲ."

"ಮತ್ತೆ ನನ್ನದನ್ನ ಯಾಕೆ ಬಿಟ್ರಿ?"

"ನಲವತ್ತೂ ಹಿಡದಿದ್ರ ಎಲ್ಲಾರೂ 'ಪಾಪ, ಮುದುಕಪ್ಪ' ಅಂತ ಮನಿಗೆ ಹೋಗ್ತಿದ್ರು. ಆ ಪಾಪ ನನಗ ಬ್ಯಾಡಾಗಿತ್ತು. ಒಂದು ಗೋಲು ಬಿತ್ತು ನೋಡು! ಭೀಮರಾಯ ಹೆಂಗ ಒದರಿದ! ಮಂದಿ ಹೆಂಗ ಜಗಳಾಡಿದ್ರು! ನನ್ನ ಗೋಲಿನ ಸಲುವಾಗಿ ಮಂದಿ ಹಂಗ ಜಗಳಾಡಿ ಇಪ್ಪತ್ತು ವರ್ಷ ಆಗಿತ್ತು ಸೀತಾರಾಮ. ಇವತ್ತು ಖರೆ ಆಟ ಆಡಿದಂಗ ಆತು." ಮುದುಕರ ಮುಖದಲ್ಲಿ ಅಂದು ಮೊದಲ ಸಲ ನಗು ಕಾಣಿಸಿತು.

"ಆದ್ರೆ ಅಷ್ಟು ಜನರಲ್ಲಿ ನಾನೇ ಯಾಕೆ ಅಣವೀರಣ್ಣ?"

"ಬ್ಯಾರೆಯವರಿಗೆ ಬಿಟ್ಟಿದ್ರ, ಅಣವೀರಪ್ಪಗ ಗೋಲು ಹೊಡದೆ ಅಂತ ಸಾಯೋತನಕ ಊರ ತುಂಬ ಸಾರ್ಕೋತ ತಿರಗತಿದ್ರು. ನೀ ಒಬ್ಬನೇ ಅಳಕೋತ ಬರಾವ." ಎಣ್ಣೆಯ ಕೈಯನ್ನೇ ಅವನ ಹೆಗಲ ಮೇಲಿಟ್ಟರು. "ಯಾರಿಗೂ ಹೇಳಬ್ಯಾಡ. ತಿಳದ್ರ ಮತ್ತ ಪಾಪ ಅಂತಾರ. ನಿನ್ನ ಹೆಂಡ್ತಿಗೂ ಹೇಳಬ್ಯಾಡ, ಶಿವಕುಮಾರಿಗೂ ಬ್ಯಾಡ."

ಸೀತಾರಾಮ ಲೆಕ್ಕ ಹಾಕಿದ. ಹೇಳದಿದ್ದರೆ ಭೀಮರಾಯ ಮಾತಾಡಿಸುವುದಿಲ್ಲ, ವಡಾಪಾವ್ ಸಿಗುವುದಿಲ್ಲ, ಜೋಗೇಶ್ವರಿ ಸ್ಟೇಷನ್ನಿನಿಂದ ಮನೆಯ ತನಕ ಪ್ರತಿಯೊಬ್ಬರೂ ದ್ರೋಹಿ ಎಂದು ನೋಡುತ್ತಾರೆ. ಹೇಳಿದರೆ ಈ ನಗು ಹೋಗುತ್ತದೆ. ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಇಲ್ಲ, ಹೇಳಲ್ಲ," ಎಂದ.

ಶಿವಕುಮಾರಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ಅವನ ಕಡೆ ನೋಡದೆ ಕೇಳಿದಳು. "ಅಪ್ಪಾ, ಇವರಿಗೂ ಚಾ ಮಾಡ್ಲೇನು?"

ಅಣವೀರಪ್ಪನವರು ತಟ್ಟನೆ ಮುಖ ಗಂಟು ಹಾಕಿಕೊಂಡು, ಸೋತ ಗೋಲ್‌ಕೀಪರನ ಗತ್ತಿನಲ್ಲಿ ಕೂತರು.

"ಮಾಡವ್ವ, ಮನಿಗೆ ಬಂದಾರ. ಆದ್ರ ಸಕ್ರಿ ಹಾಕಬ್ಯಾಡ."

ಸಕ್ಕರೆಯಿಲ್ಲದ ಕಡುಚಹ ಬಂತು. ಸೀತಾರಾಮ ತಲೆ ತಗ್ಗಿಸಿ, ಕೊನೆಯ ಹನಿಯವರೆಗೂ ಕುಡಿದ.