ಎರಡು ಕೀಲಿಗಳ ಬೀರು

ವಿಶಾಖಪಟ್ಟಣ, ೧೪ ಮೇ ೧೯೮೯, ಭಾನುವಾರ. ಬೆಳಿಗ್ಗೆಯಿಂದ ಅಸಾಧ್ಯ ಸೆಕೆ. ನಾಲ್ಕು ಗಂಟೆಯ ಮೇಲೆ ಸಮುದ್ರದ ಗಾಳಿ ಬೀಸಿತು. ನನ್ನ ತಲೆಗೆ ಅದು ಎಂದಿಗಿಂತ ಹೆಚ್ಚು ತಣ್ಣಗೆ ತಾಗುತ್ತಿದೆ. ಕಾರಣವನ್ನು ಕ್ರಮವಾಗಿಯೇ ಬರೆಯಬೇಕು.

ಮಗಳು ಹೈಮಾವತಿ ತನ್ನ ಹದಿನಾಲ್ಕು ತಿಂಗಳ ಕೂಸು ಭ್ರಮರಾಂಬಳೊಡನೆ ವಿಜಯವಾಡದಿಂದ ಬರುತ್ತಾಳೆಂದು ತಿಳಿದ ಕೂಡಲೇ, ನಮ್ಮ ಬ್ಯಾಂಕಿನ ಶಾಖೆಗಳನ್ನು ತಪಾಸಣೆ ಮಾಡುವ ಕ್ರಮದಲ್ಲಿಯೇ ಮನೆಯನ್ನೂ ತಪಾಸಣೆ ಮಾಡಿದೆ. ಶಿಶುಘಾತುಕ ವಸ್ತುಗಳು ಮೂವತ್ತೊಂದು ದೊರೆತವು. ಫಿನಾಯಿಲು, ಬ್ಲೇಡು, ಹೊಲಿಗೆಯ ಸೂಜಿ, ಹೆಂಡತಿ ಮಂಗಳಾಗೌರಿಯ ಈಳಿಗೆಮಣೆ, ಎಲ್ಲವೂ ಉಕ್ಕಿನ ಬೀರುವಿಗೆ ಸೇರಿದವು. ಬ್ಯಾಂಕಿನ ತಿಜೋರಿಯನ್ನು ಇಬ್ಬರು ಅಧಿಕಾರಿಗಳು ಕೂಡಿ, ಎರಡು ಕೀಲಿಗಳಿಂದಲೇ ತೆರೆಯಬೇಕು. ಅದೇ ನಿಯಮದಂತೆ ಬೀರುವಿಗೂ ಎರಡು ಬೀಗ ಹಾಕಿಸಿದೆ. ಒಂದರ ಕೀಲಿ ನನ್ನಲ್ಲಿ, ಇನ್ನೊಂದರದು ಮಂಗಳಾಗೌರಿಯಲ್ಲಿ.

“ರೀ, ಬದನೆಕಾಯಿ ಹೆಚ್ಚೋಕೂ ಆಫೀಸರು ಬರ್ಬೇಕೇನು?” ಎಂದಳು.

ಬರಬೇಕಾಗಿತ್ತು. ಮೂರು ದಿನ ಎಲ್ಲರೂ ಬರಿಯ ಬೇಳೆಸಾರು ಉಂಡೆವು. (ಕೂಸಿನ ಬೆರಳು ಮುಖ್ಯವೋ ಪಲ್ಯ ಮುಖ್ಯವೋ ಎಂದು ಕೇಳಿದೆ. ಮಂಗಳಾಗೌರಿ ಇನ್ನೊಂದು ಸೌಟು ಸಾರು ಬಡಿಸಿದಳು.)

ನಿನ್ನೆ ಶನಿವಾರ, ಅರ್ಧ ದಿನದ ಕೆಲಸ. ಮನೆಗೆ ಬಂದು ಕೂಸನ್ನು ಎತ್ತಿಕೊಂಡೆ. ಅದು ಎಂದಿನಂತೆ ನನ್ನ ಅಂಗಿಯ ಜೇಬಿಗೆ ಕೈ ಹಾಕಿತು, ಆ ಕೈಯನ್ನು ಬಾಯಿಗೆ ಇಟ್ಟುಕೊಂಡಿತು, ಏನನ್ನೋ ನುಂಗಿತು. ಜೇಬು ಮುಟ್ಟಿ ನೋಡಿದೆ. ಕೀಲಿ ಇರಲಿಲ್ಲ.

ಆಟೋ ಹತ್ತುವಾಗ ನನ್ನ ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ.

ದ್ವಾರಕಾ ನಗರದ ಡಾಕ್ಟರ್ ಕಾಮೇಶ್ವರ ರಾವ್ ಎಕ್ಸ್‌ರೇ ತೆಗೆಸಿದರು. ಕೂಸು ಮೇಜಿನ ಮೇಲೆ ಮಲಗಲೊಲ್ಲದೆ ಚೀರಿದ್ದರಿಂದ, ತಾತನೇ ಅದನ್ನು ಎದೆಗವಚಿಕೊಂಡು ನಿಲ್ಲಬೇಕೆಂದಾಯಿತು. ನಿಂತೆ. ಅರ್ಧ ಗಂಟೆಯ ಮೇಲೆ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದರು. ಅದರಲ್ಲಿ ಕೀಲಿ ಇತ್ತು. ಹಲ್ಲುಗಳನ್ನು ಎಣಿಸಬಹುದಾದಷ್ಟು ಸ್ಪಷ್ಟವಾಗಿತ್ತು.

ಹೈಮಾವತಿ ಕೂಸನ್ನು ನನ್ನ ಕೈಯಿಂದ ಕಿತ್ತುಕೊಂಡಳು. ಮಂಗಳಾಗೌರಿ ಕಣ್ಣು ಮುಚ್ಚಿ ಕೈಮುಗಿದಳು. “ಸಿಂಹಾಚಲದ ಸ್ವಾಮೀ, ಮಗು ಉಳಿದ್ರೆ ನಮ್ಮನೆಯವ್ರ ಮುಡಿ ಕೊಡಿಸ್ತೀನಿ.” ಆ ಗಳಿಗೆಯಲ್ಲಿ ಕೂದಲೇನು, ತಲೆಯನ್ನೇ ಕೊಡಲು ನಾನು ಸಿದ್ಧನಿದ್ದೆ.

ಡಾಕ್ಟರು ಫಿಲ್ಮನ್ನು ನೋಡಿದರು, ನನ್ನನ್ನು ನೋಡಿದರು. ಕೀಲಿಯ ಹಿಂದಿರುವ ಪಕ್ಕೆಲುಬುಗಳು ಮಗುವಿನವಲ್ಲ ಎಂದರು. ಆಮೇಲೆ ಬಹಳ ಮರ್ಯಾದೆಯಿಂದ, “ಸಾರ್, ಕೊಂಚೆಂ ಚೊಕ್ಕಾ ತೀಯಂಡಿ.”

ಅಂಗಿ ಬಿಚ್ಚಿದೆ. ಕೀಲಿ ಜನಿವಾರದಲ್ಲಿ ತೂಗುತ್ತಿತ್ತು. ಕೂಸು ಜೇಬಿಗೆ ಕೈ ಹಾಕುತ್ತದೆಂದು ಬೆಳಿಗ್ಗೆ ಸ್ನಾನವಾದ ಮೇಲೆ ಅದನ್ನು ಅಲ್ಲಿ ಕಟ್ಟಿಕೊಂಡವನು ನಾನೇ. ಆ ಮುಂಜಾಗ್ರತೆಯನ್ನು ದಿನಚರಿಯಲ್ಲೂ ದಾಖಲಿಸಿದ್ದೆ.

“ಡಾಕ್ಟ್ರೇ, ಮೂವತ್ತೆರಡನೇದನ್ನ ಯಾವ ಬೀರುವಲ್ಲಿ ಇಡೋದು?” ಎಂದಳು ಮಂಗಳಾಗೌರಿ, ನನ್ನನ್ನೇ ನೋಡುತ್ತ.

ಕೂಸು ಕೀಲಿ ನುಂಗಿಯೇ ಇಲ್ಲವಾದ್ದರಿಂದ ಹರಕೆಯೂ ಊರ್ಜಿತವಲ್ಲವೆಂದು ದಾರಿಯಲ್ಲಿ ವಿನಂತಿಸಿದೆ.

“ಮಗು ಉಳೀತೋ ಇಲ್ವೋ?” ಎಂದಳು.

ಉಳಿದಿತ್ತು. ಇಂದು ಬೆಳಿಗ್ಗೆ ಸಿಂಹಾಚಲಂಗೆ ಹೋಗಿಬಂದೆವು. ಎರಡೂ ಕೀಲಿಗಳು ಈಗ ಅವಳ ಸೊಂಟದಲ್ಲಿವೆ. ಮಧ್ಯಾಹ್ನ ಬದನೆಕಾಯಿ ಪಲ್ಯ ಮಾಡಿದ್ದಳು.

ಖರ್ಚು: ಬೀಗ ಎರಡು, ನಲವತ್ತು ರೂಪಾಯಿ. ಆಟೋ, ಹದಿನೆಂಟು. ಸಿಂಹಾಚಲದ ಬಸ್ಸು, ಹನ್ನೆರಡು. ಮುಡಿ, ಎರಡು. ಎಕ್ಸ್‌ರೇ ಒಂದು, ಅರವತ್ತು. ರಸೀದಿ ಭ್ರಮರಾಂಬಳ ಹೆಸರಿನಲ್ಲಿದೆ, ಎದೆ ನನ್ನದು.